ಹಿಂಬರಹ ಕೊಡಿ ಸಾರ್

“ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ.” “ನಿಮ್ಮ ಫೈಲು ಸರ್ವೆಗೆ ಹೋಗಿದೆ, ಇನ್ನೂ ವಾಪಸ್ ಬಂದಿಲ್ಲ.” “ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ, ಆ ಸ್ಟೇಷನ್‌ಗೆ ಹೋಗಿ.” ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗೂ ಈ ಮಾತುಗಳು ಹೊಸವಲ್ಲ. ಒಂದು ಪೌತಿ ಖಾತೆಗೆ, ಒಂದು ಜಾತಿ ಪ್ರಮಾಣಪತ್ರಕ್ಕೆ, ಕಳುವಾದ ಬೈಕಿನ ದೂರಿಗೆ ಅಂದಿನ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದವರು ಇಷ್ಟು ಕೇಳಿಸಿಕೊಂಡು ಮರಳುತ್ತಾರೆ. ಆ ಮಾತಿಗೆ ಸಹಿ ಇಲ್ಲ, ತಾರೀಖಿಲ್ಲ, ಮೊಹರಿಲ್ಲ. ಹೇಳಿದವರೇ ನಾಳೆ ‘ನಾನು ಹಾಗೆ ಹೇಳಿಯೇ ಇಲ್ಲ’ ಎಂದರೆ ಕೇಳಿದವರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಅಧಿಕಾರದ ದುರುಪಯೋಗ ಎಂದೊಡನೆ ನೆನಪಾಗುವುದು ಲಂಚದ ಕವರು, ಸೈರನ್ ಹಾಕಿಕೊಂಡು ಸಿಗ್ನಲ್ ದಾಟುವ ಕಾರು. ಕಾರಿನ ಮೇಲಿನ ಕೆಂಪು ದೀಪವನ್ನು ಕೇಂದ್ರ ಸರ್ಕಾರ 2017ರ ಮೇ 1ರಿಂದ ತೆಗೆಸಿತು. ಅದು ಕಣ್ಣಿಗೆ ಕಾಣುವ ಸವಲತ್ತಾಗಿದ್ದರಿಂದ ತೆಗೆಸುವುದು ಸುಲಭವಾಯಿತು. ಕಾಣದೆ ಉಳಿದಿರುವ ದೊಡ್ಡ ಸವಲತ್ತು ಇನ್ನೊಂದಿದೆ: ಏನನ್ನೂ ಬರೆದುಕೊಡದೆ ಜನರನ್ನು ವಾಪಸ್ ಕಳುಹಿಸುವ ಸವಲತ್ತು. ವಿಳಂಬ, ಲಂಚ, ಗದರಿಕೆ, ಕಾರಣ ಹೇಳದ ಬಂಧನ, ಇವೆಲ್ಲ ಬೆಳೆಯುವುದು ಅದರ ನೆರಳಿನಲ್ಲಿ. ಈ ಬಾಯಿಮಾತನ್ನು ಕಾಗದಕ್ಕೆ ಇಳಿಸುವ ದಾರಿಗಳು ಕಾನೂನಿನಲ್ಲೇ ಇವೆ, ಮತ್ತು ಅವು ವಕೀಲರಿಲ್ಲದೆಯೂ ನಡೆಯಬಲ್ಲ ದಾರಿಗಳು.

ಬರೆಯುವ ಹೊಣೆ ಯಾರದು ಎಂಬ ಬಗ್ಗೆ ನಮ್ಮ ಕಾಯ್ದೆಗಳಲ್ಲಿ ಗೊಂದಲವೇ ಇಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಸೆಕ್ಷನ್ ನೋಡಿ. ಪಿತ್ರಾರ್ಜಿತವಾಗಿಯೋ ವಿಭಾಗದಿಂದಲೋ ಜಮೀನಿನ ಹಕ್ಕು ಬಂದವರು ಅದನ್ನು ಮೂರು ತಿಂಗಳೊಳಗೆ ಬಾಯಿಮಾತಿನಲ್ಲಾಗಲಿ ಬರವಣಿಗೆಯಲ್ಲಾಗಲಿ ವರದಿ ಮಾಡಬೇಕು, ವರದಿ ಪಡೆದ ಅಧಿಕಾರಿ ಕೂಡಲೇ ಲಿಖಿತ ಸ್ವೀಕೃತಿ ಕೊಡಬೇಕು ಎನ್ನುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಬರೆಯಲಾಗದವರು ಬಾಯಲ್ಲಿ ಕೇಳಿದರೆ ಅದನ್ನು ಬರವಣಿಗೆಗೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ದೂರುದಾರರು ಬಾಯಲ್ಲಿ ಹೇಳಿದ್ದನ್ನು ಠಾಣಾಧಿಕಾರಿ ಬರೆದುಕೊಂಡು, ಅವರಿಗೆ ಓದಿ ಹೇಳಿ, ಸಹಿ ಪಡೆಯಬೇಕು. ಮೂರು ಕಾಯ್ದೆಗಳು, ಮೂರು ಬೇರೆ ಬೇರೆ ಕಾಲದವು. ಮೂರರಲ್ಲೂ ಕ್ರಮ ಒಂದೇ: ಪ್ರಜೆ ಬಾಯಲ್ಲಿ ಹೇಳಬಹುದು, ಅಧಿಕಾರಿ ಬರೆಯಲೇಬೇಕು. ನಮ್ಮ ಕಚೇರಿಗಳು ಇದನ್ನು ಪೂರ್ತಿ ತಲೆಕೆಳಗು ಮಾಡಿವೆ. ಪ್ರಜೆ ಅರ್ಜಿ, ಅಫಿಡವಿಟ್ಟು, ಜೆರಾಕ್ಸು ಎಂದು ಕಾಗದದ ಕಟ್ಟು ಹೊತ್ತು ತಿರುಗುತ್ತಾನೆ, ಅಧಿಕಾರಿ ‘ಆಗಲ್ಲ ಹೋಗಿ’ ಎಂಬ ಎರಡು ಪದದಲ್ಲಿ ಮುಗಿಸುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ ಇರಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಟಪಾಲು ಶಾಖೆಯಿಂದ. ಬಹುತೇಕ ಕಚೇರಿಗಳಲ್ಲಿ ಅದು ಬಾಗಿಲ ಪಕ್ಕದ ಒಂದು ಮೇಜು, ಅದರ ಮೇಲೊಂದು ಇನ್‌ವರ್ಡ್ ರಿಜಿಸ್ಟರ್, ಒಂದು ತಾರೀಖಿನ ಮೊಹರು. ಸಂಬಂಧಪಟ್ಟ ಗುಮಾಸ್ತರನ್ನೋ ಸಾಹೇಬರನ್ನೋ ಹುಡುಕಿಕೊಂಡು ಒಳಗೆ ಹೋಗುವ ಮೊದಲು ಅರ್ಜಿಯನ್ನು ಇಲ್ಲಿ ಕೊಡಬೇಕು. ಎರಡು ಪ್ರತಿ ಇರಲಿ. ಒಂದು ಅವರಿಗೆ, ಇನ್ನೊಂದರ ಮೇಲೆ ಮೊಹರು, ಸ್ವೀಕರಿಸಿದವರ ಸಹಿ, ತಾರೀಖು, ಇನ್‌ವರ್ಡ್ ನಂಬರು, ಈ ನಾಲ್ಕೂ ಬೀಳಬೇಕು. ಬರೀ ಸಹಿ ಮಾಡಿ ಕೊಟ್ಟರೆ ನಂಬರನ್ನು ಕೇಳಿ ಬರೆಸಿಕೊಳ್ಳಿ. ಮುಂದೆ ಕಡತ ಕಾಣೆಯಾದಾಗ ಆ ನಂಬರು ರಿಜಿಸ್ಟರಿನ ಒಂದು ಸಾಲನ್ನು ತೋರಿಸುತ್ತದೆ, ಆ ಸಾಲು ಕಡತ ಯಾರ ಮೇಜಿಗೆ ಹೋಯಿತು ಎಂಬುದನ್ನು ತೋರಿಸುತ್ತದೆ. ಅರ್ಜಿ ಕನ್ನಡದಲ್ಲೇ ಇರಲಿ, ಒಂದು ಪುಟ ಮೀರದಿರಲಿ. ಯಾವ ಕೆಲಸ ಆಗಬೇಕು, ಯಾವ ದಾಖಲೆ ಲಗತ್ತಿಸಿದೆ, ಅವು ಒಟ್ಟು ಎಷ್ಟು ಪುಟ ಎಂಬುದಿಷ್ಟು ಸಾಕು. ಕೊನೆಯಲ್ಲಿ ಒಂದು ವಾಕ್ಯ ಮಾತ್ರ ತಪ್ಪದೆ ಸೇರಿಸಿ: ‘ಈ ಮನವಿಯನ್ನು ಪರಿಗಣಿಸಲು ಸಾಧ್ಯವಿಲ್ಲವಾದಲ್ಲಿ, ಕಾರಣ ಮತ್ತು ಅನ್ವಯವಾಗುವ ನಿಯಮವನ್ನು ನಮೂದಿಸಿ ಹಿಂಬರಹ ನೀಡಬೇಕಾಗಿ ಕೋರುತ್ತೇನೆ.’ ಹಿಂಬರಹ ಎಂಬುದು ಕಚೇರಿಯವರದೇ ಪದ. ಅರ್ಜಿಗೆ ಉತ್ತರವಾಗಿ ಕಚೇರಿ ಬರೆದು, ಸಹಿ ಹಾಕಿ ಕೊಡುವ ಪತ್ರ. ಈ ಪದವನ್ನು ಬಳಸಿದವರಿಗೆ ತಮ್ಮ ಹಕ್ಕು ಗೊತ್ತಿದೆ ಎಂಬುದು ಎದುರಿಗಿರುವವರಿಗೂ ಗೊತ್ತಾಗುತ್ತದೆ. ಅರ್ಜಿಯನ್ನೇ ತೆಗೆದುಕೊಳ್ಳಲು ಒಪ್ಪದಿದ್ದರೆ ಅಲ್ಲಿ ನಿಂತು ವಾದ ಮಾಡುವ ಅಗತ್ಯವಿಲ್ಲ. ಅದೇ ದಿನ ಅಂಚೆ ಕಚೇರಿಗೆ ಹೋಗಿ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ‘ಅರ್ಜಿ ಬಂದೇ ಇಲ್ಲ’ ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ.

ಕೆಲಸವು ಸಕಾಲ ಪಟ್ಟಿಯಲ್ಲಿದ್ದರೆ ದಾರಿ ಇನ್ನೂ ಹತ್ತಿರ. 2011ರ ಕಾಯ್ದೆಯಡಿ 2012ರ ಏಪ್ರಿಲ್‌ನಲ್ಲಿ ರಾಜ್ಯವಿಡೀ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಪ್ರತಿ ಅರ್ಜಿಗೂ ಹದಿನೈದು ಅಂಕಿಗಳ ಒಂದು ಸಂಖ್ಯೆ, ಪ್ರತಿ ಸೇವೆಗೂ ಇಂತಿಷ್ಟು ದಿನ ಎಂಬ ಗಡುವು. ಅರ್ಜಿ ತಿರಸ್ಕರಿಸುವುದಾದರೆ ಕಾರಣ ಬರೆದು ತಿಳಿಸಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ಅಧಿಕಾರಿಯಿಂದ ವಸೂಲಾಗಬೇಕಾದ ಹಣ. ಐನೂರು ರೂಪಾಯಿಗೆ ಯಾರು ಹೆದರುತ್ತಾರೆ ಎಂದು ಕೇಳಬಹುದು. ಮೊತ್ತ ಸಣ್ಣದೇ, ಅದನ್ನು ಹೆಚ್ಚಿಸಬೇಕು ಎಂಬ ವಾದಕ್ಕೂ ಅರ್ಥವಿದೆ. ಆದರೆ ಆ ಹಣ ಕೊಡಬೇಕಾದರೆ ‘ಇಂಥವರಿಂದ ಇಷ್ಟು ದಿನ ತಡವಾಯಿತು’ ಎಂದು ಮೇಲಧಿಕಾರಿ ಬರೆಯಲೇಬೇಕಾಗುತ್ತದೆ, ನೌಕರರ ದಾಖಲೆಯಲ್ಲಿ ಭಾರವಾಗುವುದು ಆ ಸಾಲು. ಆದ್ದರಿಂದ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸುವುದನ್ನು ಬಿಡಬೇಡಿ. ಎಷ್ಟೋ ಕಡೆ ಅರ್ಜಿಯನ್ನು ಕೈಯಲ್ಲಿ ತೆಗೆದುಕೊಂಡು, ‘ಎಲ್ಲ ಸರಿಯಾದ ಮೇಲೆ ಸಕಾಲಕ್ಕೆ ಹಾಕ್ತೀವಿ’ ಎನ್ನುವುದುಂಟು. ಗಡುವಿನ ಗಡಿಯಾರ ಓಡಲು ಶುರುವಾಗುವುದು ಸಂಖ್ಯೆ ಸಿಕ್ಕ ದಿನದಿಂದ. ಸಂಖ್ಯೆ ಸಿಗದೆ ಅರ್ಜಿಯನ್ನು ಮೇಜಿನ ಮೇಲೆ ಬಿಟ್ಟು ಬರಬಾರದು.

ಅರ್ಜಿ ಕೊಟ್ಟು ತಿಂಗಳುಗಳಾಗಿ ಉತ್ತರವೇ ಇಲ್ಲದಿದ್ದರೆ ಮಾಹಿತಿ ಹಕ್ಕು ನೆರವಿಗೆ ಬರುತ್ತದೆ. ಈ ಕಾಯ್ದೆಯನ್ನು ದೊಡ್ಡ ಹಗರಣ ಬಯಲು ಮಾಡುವ ಆಯುಧವಾಗಿ ಮಾತ್ರ ಕಾಣುವುದು ರೂಢಿ. ಸಾಮಾನ್ಯರಿಗೆ ಅದರ ಅತ್ಯುತ್ತಮ ಬಳಕೆ ತಮ್ಮದೇ ಕಡತವನ್ನು ಕೇಳುವುದು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಈ ಮಿತಿ ತಿಳಿಯದೆ ಉದ್ದಕ್ಕೆ ಬರೆದು ತಿರಸ್ಕೃತರಾದವರಿದ್ದಾರೆ. ಪ್ರಶ್ನೆ ಕೇಳುವ ರೀತಿಯಲ್ಲೂ ಎಚ್ಚರ ಬೇಕು. ‘ನನ್ನ ಕೆಲಸ ಯಾಕೆ ಮಾಡಿಲ್ಲ?’ ಎಂದರೆ ಅದು ವಿವರಣೆ ಕೇಳಿದಂತೆ, ಕಾಯ್ದೆ ಕೊಡಿಸುವುದು ದಾಖಲೆಯನ್ನು. ಹೀಗೆ ಕೇಳಬೇಕು: ‘ದಿನಾಂಕ ಇಂಥದ್ದರ, ಇನ್‌ವರ್ಡ್ ನಂಬರ್ ಇಂಥದ್ದರ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಕಡತ ಯಾವ ದಿನದಿಂದ ಯಾವ ದಿನದವರೆಗೆ ಯಾವ ಹುದ್ದೆಯ ಅಧಿಕಾರಿಯ ಬಳಿ ಇತ್ತು ಎಂಬುದರ ದಾಖಲೆ.’ ಟಿಪ್ಪಣಿ ಹಾಳೆಯಲ್ಲಿ ಒಬ್ಬರ ಷರಾ ಮತ್ತು ಇನ್ನೊಬ್ಬರ ಷರಾ ನಡುವೆ ನಾಲ್ಕು ತಿಂಗಳ ಅಂತರವಿದ್ದರೆ ಫೈಲು ನಿಂತದ್ದು ಎಲ್ಲಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಉತ್ತರಕ್ಕೆ 30 ದಿನ, ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಿಗೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಕಾರಣವಿಲ್ಲದೆ ತಡ ಮಾಡಿದ ಮಾಹಿತಿ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡವಿದೆ. ಆಯೋಗದಲ್ಲಿ ಪ್ರಕರಣಗಳು ಕಾಯುವುದು ನಿಜ, ಆದರೆ ಬಹಳಷ್ಟು ಕಡತಗಳಿಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳುವುದಿಲ್ಲ. ಟಿಪ್ಪಣಿ ಹಾಳೆಯ ಪ್ರತಿ ಹೊರಗೆ ಹೋಗುತ್ತದೆ ಎಂದಾಗ ಅದರ ಮೇಲೆ ಹೊಸ ಷರಾ ಬೀಳುತ್ತದೆ.

ಈಗೆಲ್ಲ ಆನ್‌ಲೈನ್ ಆಗಿದೆಯಲ್ಲ, ಈ ಹಳೆಯ ಕಾಗದದ ಗೊಡವೆ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಗಣಕೀಕರಣದಿಂದ ಆದ ಉಪಕಾರ ಸಣ್ಣದಲ್ಲ. ಭೂಮಿ ಯೋಜನೆ ಬಂದಾಗ ಕೈಬರಹದ ಪಹಣಿ ಹೋಗಿ ಮುದ್ರಿತ ಪಹಣಿ ಬಂತು, ಮೊದಲು ಬಂದ ಮ್ಯುಟೇಶನ್ ಅರ್ಜಿ ಮೊದಲು ಎಂಬ ಸರದಿ ತಂತ್ರಾಂಶದೊಳಗೇ ಸೇರಿತು. ಯಾರ ಫೈಲನ್ನು ಮೇಲೆ ಇಡಬೇಕು, ಯಾರದ್ದನ್ನು ಅಡಿಗೆ ತಳ್ಳಬೇಕು ಎಂಬ ಅಧಿಕಾರ ಕೈತಪ್ಪಿತು. ಆದರೆ ಅದು ತಲುಪಿದ್ದು ಸರದಿಯವರೆಗೆ. ಸರ್ವೆಯರ್ ಹೊಲಕ್ಕೆ ಬರುವ ದಿನ, ಸ್ಥಳ ತನಿಖೆಯ ವರದಿ, ‘ದಾಖಲೆ ಸ್ಪಷ್ಟವಿಲ್ಲ’ ಎಂದು ಅರ್ಜಿ ತಿರಸ್ಕರಿಸುವ ಗುಂಡಿ, ಇವೆಲ್ಲ ಇನ್ನೂ ಮನುಷ್ಯರ ಕೈಯಲ್ಲೇ ಇವೆ, ‘ಸರ್ವರ್ ಡೌನ್’ ಎಂಬ ಹೊಸ ಬಾಯಿಮಾತೂ ಸೇರಿಕೊಂಡಿದೆ. ಆನ್‌ಲೈನ್ ಅರ್ಜಿಯ ಸ್ವೀಕೃತಿಯನ್ನು ಮುದ್ರಿಸಿಕೊಳ್ಳಿ, ತಿರಸ್ಕಾರದ ಪುಟವನ್ನು ಅದೇ ದಿನ ಉಳಿಸಿಕೊಳ್ಳಿ. ಯಾವ ದಾಖಲೆಯ ಯಾವ ಪುಟ ಸ್ಪಷ್ಟವಿಲ್ಲ ಎಂದು ಹಿಂಬರಹದಲ್ಲಿ ತಿಳಿಸುವಂತೆ ಕೇಳಿ.

ಪೊಲೀಸ್ ಠಾಣೆಯ ವಿಷಯಕ್ಕೆ ಬಂದರೆ, ಅಲ್ಲಿ ಬಾಯಿಮಾತಿನ ಅಪಾಯ ಅತಿ ಹೆಚ್ಚು, ಅದಕ್ಕಾಗಿಯೇ ಬರವಣಿಗೆಯ ರಕ್ಷಣೆಯೂ ಅಲ್ಲೇ ಅತಿ ಹೆಚ್ಚು. ಕಾಗ್ನಿಜಬಲ್, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆದ್ದರಿಂದ ‘ನಮ್ಮ ಲಿಮಿಟ್ಸ್ ಅಲ್ಲ’ ಎಂಬುದು ಈಗ ಕಾನೂನಿನ ಉತ್ತರವಲ್ಲ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು ಹದಿನಾಲ್ಕು ದಿನದ ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ, ಅದನ್ನು ತಿಳಿದಿರಬೇಕು. ಎಫ್‌ಐಆರ್ ಪ್ರತಿ ಉಚಿತ. ನಿರಾಕರಿಸಿದರೆ ದೂರನ್ನು ಅಂಚೆಯಲ್ಲಿ ಎಸ್ಪಿಗೆ ಕಳುಹಿಸಿ, ಅಲ್ಲೂ ಆಗದಿದ್ದರೆ ಅಫಿಡವಿಟ್ ಸಹಿತ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಇನ್ನು ‘ಸ್ಟೇಷನ್‌ಗೆ ಬಂದು ಹೋಗಿ’ ಎಂಬ ಫೋನ್ ಕರೆ. ಸಾಕ್ಷಿಯಾಗಿ ಕರೆಯಬೇಕಾದರೂ ಲಿಖಿತ ಆದೇಶ ಬೇಕು. ಮಹಿಳೆಯರು, ಹದಿನೈದು ವರ್ಷದೊಳಗಿನ ಹುಡುಗರು, ಅರವತ್ತು ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಅವರಿರುವ ಜಾಗದಲ್ಲೇ ವಿಚಾರಿಸಬೇಕು. ಆರೋಪಿಯೆಂದು ಕರೆಯುವುದಾದರೆ ಅದೇ ಸಂಹಿತೆಯ 35ನೇ ಸೆಕ್ಷನ್ನಿನ ನೋಟಿಸ್ ಇರಬೇಕು, ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಬಂಧಿಸಿದರೆ ಬಂಧನದ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನಕ್ಕೆ ನಿಯಮ ಹಾಕಿಕೊಟ್ಟ 1996ರ ಡಿ.ಕೆ. ಬಸು ತೀರ್ಪಿನಿಂದ ಇತ್ತ ನ್ಯಾಯಾಲಯ ಮತ್ತೆ ಮತ್ತೆ ಮಾಡಿರುವುದು ಒಂದೇ ಕೆಲಸ: ಠಾಣೆಯೊಳಗೆ ನಡೆಯುವ ಪ್ರತಿ ಹೆಜ್ಜೆಗೂ ಒಂದು ದಾಖಲೆ ಇರುವಂತೆ ನೋಡಿಕೊಳ್ಳುವುದು. 2020ರಲ್ಲಿ ಠಾಣೆಗಳಿಗೆ ಧ್ವನಿಸಹಿತ ಸಿಸಿಟಿವಿ ಕಡ್ಡಾಯ ಮಾಡಿದ್ದೂ ಅದರ ಮುಂದುವರಿಕೆಯೇ. ಠಾಣೆಯಲ್ಲಿ ಹೊಡೆದರು, ಬೈದರು ಎಂಬ ದೂರಿದ್ದರೆ ಆ ದಿನದ, ಆ ಗಂಟೆಯ ದೃಶ್ಯವನ್ನು ಉಳಿಸಿಡುವಂತೆ ಎಸ್ಪಿಗೆ ತಡಮಾಡದೆ ಬರೆಯಬೇಕು. ಮಾನವ ಹಕ್ಕುಗಳ ಆಯೋಗಕ್ಕೂ ಪೊಲೀಸ್ ದೂರು ಪ್ರಾಧಿಕಾರಕ್ಕೂ ಆಮೇಲೆ ಹೋಗುವಾಗ ಆ ಪತ್ರವೇ ಆಧಾರ.

ಲಂಚ ಕೇಳಿದಾಗ ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ, ಯಾಕೆಂದರೆ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಕೊಟ್ಟವರೂ ಅಪರಾಧಿಗಳೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಗೆ ಕಾನೂನೂ ಮೊಹರು ಒತ್ತಿದಂತಾಗಿದೆ. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆಯಿದೆ. ಅದಕ್ಕಿಂತ ಭದ್ರವಾದ ದಾರಿ ಕೊಡುವ ಮೊದಲೇ ತಿಳಿಸುವುದು. ರಾಜ್ಯದಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿದ ಮೇಲೆ ಈ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರದು. ದೂರು ಕೊಟ್ಟರೆ ನೋಟುಗಳ ನಂಬರು ಬರೆದುಕೊಂಡು, ಅವಕ್ಕೆ ಫಿನಾಲ್ಫ್ತಲೀನ್ ಪುಡಿ ಸವರಿ, ಪಂಚರ ಎದುರಿನಲ್ಲಿ ಕಳುಹಿಸುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆ ನೀರನ್ನು ಬಾಟಲಿಗೆ ತುಂಬಿ ಮೊಹರು ಮಾಡುತ್ತಾರೆ. ನ್ಯಾಯಾಲಯ ಮಾತ್ರ ಬಣ್ಣಕ್ಕಿಂತ ಮೊದಲು ನೋಡುವುದು ‘ಕೇಳಿದ್ದಕ್ಕೆ’ ಪುರಾವೆಯನ್ನು. ಹಾಗಾಗಿ ಹಣ ಕೇಳಿದ ಮಾತು ಫೋನಿನಲ್ಲಿ ದಾಖಲಾಗಿದ್ದರೆ ಅದನ್ನು ಆ ಫೋನಿನಲ್ಲೇ ಉಳಿಸಿಕೊಳ್ಳಿ, ಕತ್ತರಿಸಿ ಹಂಚಬೇಡಿ.

ಇದೆಲ್ಲಕ್ಕೂ ಎದುರಾಗುವ ಮೊದಲ ಆಕ್ಷೇಪ ಭಯದ್ದು. ಹಿಂಬರಹ ಕೇಳಿದರೆ ಸಾಹೇಬರಿಗೆ ಸಿಟ್ಟು ಬಂದು ಆಗುವ ಕೆಲಸವೂ ಆಗದೇ ಹೋಗುತ್ತದೆ, ‘ಕರ್ತವ್ಯಕ್ಕೆ ಅಡ್ಡಿ’ ಎಂದು ಕೇಸ್ ಹಾಕುತ್ತಾರೆ ಎಂಬ ಭಯ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾಹಿತಿ ಕೇಳಿದ್ದಕ್ಕೆ ಹಲ್ಲೆಗೊಳಗಾದವರು, ಜೀವ ಕಳೆದುಕೊಂಡವರು ಈ ದೇಶದಲ್ಲಿದ್ದಾರೆ. ಆದರೆ ನೌಕರರ ಮೇಲೆ ಹಲ್ಲೆ ಅಥವಾ ಬಲಪ್ರಯೋಗ ನಡೆದಾಗ ಮಾತ್ರ ಆ ಗಂಭೀರ ಸೆಕ್ಷನ್ ಅನ್ವಯಿಸುತ್ತದೆ, ದೂರು ಹೇಳುವುದು ಅಪರಾಧವಲ್ಲ. ಬೆಂಗಳೂರು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಇನ್‌ಸ್ಪೆಕ್ಟರ್ ಒಬ್ಬರ ವರ್ತನೆಯ ಬಗ್ಗೆ ಬರೆದ ದಂಪತಿಯ ಮೇಲೆ ಇಂಥದ್ದೇ ಎಫ್‌ಐಆರ್ ದಾಖಲಾಗಿತ್ತು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪಾಠ ಎರಡೂ ಕಡೆಯದು: ಕಾನೂನು ದೂರುದಾರರ ಜೊತೆಗಿದೆ, ಆದರೆ ದೆಹಲಿಯವರೆಗೆ ಅಲೆಯುವ ಕಷ್ಟ ತಪ್ಪಬೇಕಾದರೆ ಕಿಟಕಿಯ ಮುಂದೆ ದನಿ ಏರಿಸಬಾರದು, ಕೈ ಮುಟ್ಟಬಾರದು, ಒಬ್ಬರೇ ಹೋಗಬಾರದು. ಕಾಗದದ ದಾರಿ ಹೆಚ್ಚು ಸುರಕ್ಷಿತ ಎನ್ನುವುದೂ ಇದಕ್ಕೇ. ಜಗಳದ ಸಾಕ್ಷಿಯನ್ನು ತಿರುಚಬಹುದು, ಮೊಹರು ಬಿದ್ದ ಅರ್ಜಿಯನ್ನು ತಿರುಚುವುದು ಕಷ್ಟ. ವಕೀಲರ ಶುಲ್ಕದ ಚಿಂತೆಯಿದ್ದರೆ, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100.

ಎರಡನೆಯ ಆಕ್ಷೇಪ ಅಧಿಕಾರಿಗಳ ಕಡೆಯದು. ಖಾಲಿ ಹುದ್ದೆಗಳ ನಡುವೆ ನೂರಾರು ಅರ್ಜಿ, ಎಲ್ಲಕ್ಕೂ ಬರೆದು ಕೊಡುತ್ತ ಕೂತರೆ ಕೆಲಸ ಯಾವಾಗ, ಪ್ರಾಮಾಣಿಕರೂ ಹೆದರಿ ನಿರ್ಧಾರ ಮಾಡುವುದನ್ನೇ ಬಿಡುತ್ತಾರೆ ಎಂಬುದು. ಸಿಬ್ಬಂದಿ ಕೊರತೆ ನಿಜ, ಅದರ ಹೊಣೆ ಸರ್ಕಾರದ್ದು. ಆದರೆ ಹತ್ತು ಸಲ ‘ನಾಳೆ ಬನ್ನಿ’ ಎನ್ನುವುದಕ್ಕಿಂತ ಒಂದು ಸಲ ನಾಲ್ಕು ಸಾಲು ಬರೆಯುವುದಕ್ಕೆ ಕಡಿಮೆ ಹೊತ್ತು ಬೇಕು. ಪ್ರಾಮಾಣಿಕರ ಮಾತಿಗೆ ಬಂದರೆ, ಅವರನ್ನು ಕಾಯುವುದೂ ಬರವಣಿಗೆಯೇ. ಟಿ.ಎಸ್.ಆರ್. ಸುಬ್ರಮಣಿಯನ್ ಎಂಬ ನಿವೃತ್ತ ಸಂಪುಟ ಕಾರ್ಯದರ್ಶಿ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ಅಧಿಕಾರಿಗಳು ಮಂತ್ರಿಗಳ ಮೌಖಿಕ ಸೂಚನೆಯ ಮೇಲೆ ನಡೆಯಬಾರದು, ಅಂಥ ಸೂಚನೆಯನ್ನು ದಾಖಲಿಸಿಕೊಳ್ಳಬೇಕು ಎಂದಿತು. ದಾಖಲಿಸದಿದ್ದರೆ ಜನರ ಮಾಹಿತಿ ಹಕ್ಕೂ ವ್ಯರ್ಥವಾಗುತ್ತದೆ ಎಂಬುದನ್ನೂ ಗುರುತಿಸಿತು. ಇದನ್ನು ಕೇಳಿಕೊಂಡು ಕೋರ್ಟಿಗೆ ಹೋದವರೂ ಅಧಿಕಾರಿಗಳಾಗಿದ್ದವರೇ. ಮೇಲಿನವರ ಫೋನ್ ಕರೆಯಿಂದ ತಮ್ಮನ್ನು ಕಾಪಾಡಿಕೊಳ್ಳಲು ಅಧಿಕಾರಿಗಳಿಗೆ ಬೇಕಾದ ರಕ್ಷಣೆ ಯಾವುದೋ, ಕಿಟಕಿಯ ಆಚೆ ನಿಂತವರು ಕೇಳುವುದೂ ಅದನ್ನೇ.

ಹೀಗೆ ಕೂಡಿಸಿಟ್ಟ ಕಾಗದದ ಬೆಲೆ ತಿಳಿಯುವುದು ಹೊಣೆ ಹೊರಿಸುವ ಹಂತದಲ್ಲಿ. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಗಳ ಕಿರುಕುಳಕ್ಕೆ ಕೊಡುವ ಪರಿಹಾರವನ್ನು ಜನರ ತೆರಿಗೆಯ ಹಣದಿಂದ ತುಂಬಿ ಕೈತೊಳೆದುಕೊಳ್ಳುವಂತಿಲ್ಲ, ತಪ್ಪಿತಸ್ಥರನ್ನು ಗುರುತಿಸಿ ಅವರಿಂದಲೇ ವಸೂಲು ಮಾಡಬೇಕು ಎಂದಿತು. ಗುರುತಿಸಬೇಕಾದರೆ ಹೆಸರು, ಹುದ್ದೆ, ತಾರೀಖು ಬೇಕು, ಅವು ಇರುವುದು ನಿಮ್ಮ ಮನೆಯ ಫೋಲ್ಡರಿನಲ್ಲಿ. ಲೋಕಾಯುಕ್ತಕ್ಕೆ ಹೋಗುವಾಗಲೂ ಹಾಗೆಯೇ. ನಿಗದಿತ ನಮೂನೆಯ ಜೊತೆ ಅಫಿಡವಿಟ್ ಕೊಡಬೇಕು. ಕುಂದುಕೊರತೆಯ ದೂರಿಗೆ, ಅಂದರೆ ದುರಾಡಳಿತದಿಂದ ಅನ್ಯಾಯವಾಯಿತು ಎಂಬ ದೂರಿಗೆ, ವಿಷಯ ಗೊತ್ತಾದ ದಿನದಿಂದ ಆರು ತಿಂಗಳು, ಭ್ರಷ್ಟಾಚಾರದಂಥ ಆರೋಪಕ್ಕೆ ಐದು ವರ್ಷ ಕಾಲಮಿತಿ. ಮೇಲ್ಮನವಿಯ ಅವಕಾಶವಿದ್ದೂ ಬಳಸದವರ ಕುಂದುಕೊರತೆಯನ್ನು ಸಾಮಾನ್ಯವಾಗಿ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಸಕಾಲ ಮೇಲ್ಮನವಿಯ ಮೂವತ್ತು ದಿನವನ್ನೂ ಲೋಕಾಯುಕ್ತದ ಆರು ತಿಂಗಳನ್ನೂ ಅವು ಶುರುವಾಗುವ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಈ ಲೆಕ್ಕಗಳಿಗೆಲ್ಲ ಆಧಾರವಾಗುವ ಮೊದಲ ತಾರೀಖು ಟಪಾಲು ಶಾಖೆಯ ಮೊಹರಿನ ನಡುವೆ ಇರುತ್ತದೆ. ಮಸಿ ಸರಿಯಾಗಿ ಮೂಡದಿದ್ದರೆ ಅಲ್ಲೇ ನಿಂತು ಇನ್ನೊಮ್ಮೆ ಒತ್ತಿಸಿಕೊಳ್ಳಿ.